ಸೂಗಮ್ಮನ ನಂತರದ ಗುಟುಕು

೨೯ ಜೂನ್ ೧೯೯೪, ಬುಧವಾರ

ಬೈಬಲ್ ಸ್ಟಡಿಯಿಂದ ಬಂದು ಅಕ್ಕಿ ಆರಿಸಿಟ್ಟೆ. ಕಾಲು ನೋವು. ಪಾದ್ರಿ ರಾಮದಾಸರು ಇಂದು ಒಂದು ಗ್ರೀಕ್ ಮಾತು ಹೇಳಿದರು — ಕೊಯ್ನೋನಿಯ. ನಮ್ಮ ಕನ್ನಡ ಬೈಬಲಿನಲ್ಲಿ ‘ಅನ್ಯೋನ್ಯತೆ’ ಎಂದಿದೆ. ಪ್ರೀತಿಯಿಂದ ಮಾತಾಡಿಕೊಂಡಿರುವುದು ಎಂದುಕೊಂಡಿದ್ದೆ. ಅಷ್ಟೇ ಅಲ್ಲವಂತೆ. ಒಂದೇ ವಸ್ತುವಿನಲ್ಲಿ ಎಲ್ಲರಿಗೂ ಪಾಲಿರುವುದು. ಯೇಸುವಿನ ಶಿಷ್ಯ ಪೇತ್ರನ ಜೊತೆ ಮೀನು ಹಿಡಿಯುತ್ತಿದ್ದ ಪಾಲುಗಾರರಿಗೂ ಅದೇ ಬೇರಿನ ಮಾತು.

“ಬಲೆ ಒಬ್ಬರದು, ಮೀನ ಒಬ್ಬರದು ಅಲ್ಲರಿ. ಕರ್ತನ ಭೋಜನದಾಗ ನಾವು ಕುಡಿಯೋ ಪಾತ್ರಿನೂ ಹಂಗ,” ಎಂದರು.

ತಲೆಯಾಡಿಸಿದೆ. ಎಲ್ಲರಿಗಿಂತ ಜೋರಾಗಿ.

೩ ಜುಲೈ, ಭಾನುವಾರ

ಚರ್ಚಿನಲ್ಲಿ ತಿಂಗಳ ಕರ್ತನ ಭೋಜನ. ರೊಟ್ಟಿಯ ನಂತರ ದ್ರಾಕ್ಷಾರಸ, ಎಲ್ಲರಿಗೂ ಒಂದೇ ಪಾತ್ರೆ. ಮೊಣಕಾಲೂರಿದೆ. ಪಕ್ಕಕ್ಕೆ ಸೂಗಮ್ಮ ಬಂದಳು — ಸನತ್‌ನಗರದ ಕಾರ್ಖಾನೆಯಲ್ಲಿ ಕಸ ಗುಡಿಸುವವಳು. ಟಿ.ಬಿ. ಇತ್ತು. ವಾಸಿಯಾಗಿ ವರ್ಷವಾಯಿತು, ಡಾಕ್ಟರೇ ಹೇಳಿದ್ದಾರೆ. ಅವಳು ಕುಡಿದ ಮೇಲೆ ಪಾತ್ರೆ ನನ್ನ ಬಾಯಿಗೆ ಬಂತು.

ತುಟಿ ತಾಗಿಸಲಿಲ್ಲ. ಕುಡಿದಂತೆ ಮಾಡಿದೆ. ಗಂಟಲೂ ಆಡಿಸಿದೆ, ದೇವರೇ... ಕಣ್ಣು ತೆರೆದರೆ ಸೂಗಮ್ಮ ನನ್ನನ್ನೇ ನೋಡುತ್ತಿದ್ದಳು.

೭ ಆಗಸ್ಟ್, ಭಾನುವಾರ

ಸೂಗಮ್ಮ ಎಲ್ಲರದೂ ಮುಗಿದ ಮೇಲೆ ಒಬ್ಬಳೇ ಹೋಗಿ ಕುಡಿದಳು. ಬಾಗಿಲಲ್ಲಿ ನಮ್ಮ ಸಭೆಯ ಗೋದಾವರಿ ಅವಳನ್ನು ಹಿಡಿದುಕೊಂಡಳು — “ಯಾಕ ಸೂಗಮ್ಮ, ಉಳದದ್ದೆಲ್ಲಾ ನಿನಗ ಬೇಕಾಗಿತ್ತೇನ?”

“ಮೊಣಕಾಲ ಹಿಡದಾವ್ರಿ ಅಕ್ಕಾ. ಸಾವಕಾಶ ಹೋದೆ.”

ನನ್ನ ಕಡೆ ನೋಡಲೂ ಇಲ್ಲ. ನನ್ನ ಮಾನ ಉಳಿಸಲು ದೇವರ ಮನೆಯಲ್ಲಿ ಸುಳ್ಳು ಹೇಳಿದಳು. ನಾನು ಪಕ್ಕದಲ್ಲೇ ನಿಂತು ಚಪ್ಪಲಿ ಹುಡುಕುತ್ತಿದ್ದೆ.

೪ ಸೆಪ್ಟೆಂಬರ್, ಭಾನುವಾರ

ಅವಳ ನಂತರವೇ ಕುಡಿಯಬೇಕೆಂದು ಕೊನೆಯ ಸಾಲಿನಲ್ಲಿ ಕೂತೆ. ಅವಳು ಚರ್ಚಿಗೆ ಬರಲೇ ಇಲ್ಲ.

೫ ಸೆಪ್ಟೆಂಬರ್, ಸಂಜೆ

ಸನತ್‌ನಗರಕ್ಕೆ ಹೋಗಿದ್ದೆ. ಕ್ಷಮೆ ಕೇಳಬೇಕೆಂದೇ ಹೋದದ್ದು. ಸೂಗಮ್ಮನದು ಒಂದೇ ಖೋಲಿಯ ಮನೆ.

“ಬರ್ರಿ ಬರ್ರಿ ಸುಂದರಾಬಾಯಾರ, ಕುಂದರ್ರಿ. ಈ ಗಲ್ಲಿಗೆ ನೀವು!” ಚಹಾಕ್ಕಿಟ್ಟು ಹೊರಗೆ ಓಡಿದಳು. ಗಾಜಿನ ಲೋಟ ಹಿಡಿದು ಬಂದಳು.

“ಬಾಜೂ ಮನಿದರಿ. ಇದರಾಗ ನಾ ಎಂದೂ ಕುಡದಿಲ್ಲ. ಅಂಜಬ್ಯಾಡ್ರಿ.”

ಕೊಂಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಿನ್ನ ಲೋಟದಲ್ಲೇ ಕೊಡವ್ವಾ ಎನ್ನಲು ಬಾಯಿ ತೆರೆದೆ. ಬಂದ ಮಾತು — “ಸಕ್ಕರಿ ಕಮ್ಮಿ ಹಾಕ.”

ಪಕ್ಕದ ಮನೆಯ ಲೋಟದಲ್ಲಿ ಪೂರ್ತಿ ಕುಡಿದೆ. ಅವಳು ಎಷ್ಟು ಖುಷಿಯಿಂದ ನೋಡುತ್ತಿದ್ದಳು. ನಾನು ಕ್ಷಮೆ ಕೇಳದೆಯೇ ಎದ್ದು ಬಂದೆ.