ಗಂಗಾಳದ ಸದ್ದು

ಸಾಂಖಳಿ, ಗೋವಾ
11 ಮಾರ್ಚ್ 2024

ಪ್ರೀತಿಯ ಮಂಗಲಕ್ಕನಿಗೆ,

ನಿನ್ನ ತಂಗಿ ದ್ರಾಕ್ಷಾಯಿಣಿಯ ನಮಸ್ಕಾರ. ನೀನು ಈ ಕಲ್ಲಿನ ಖಣಿ ಬಿಟ್ಟು ಊರಿಗೆ ಹೋಗಿ ವರ್ಷವಾಯಿತು. ಇಷ್ಟು ದಿನ ಬರೆಯಲಿಲ್ಲ ಎಂದು ಸಿಟ್ಟಾಗಬೇಡ. ಗುಡ್ಡದ ಮೇಲೆ ಫೋನ್ ಹತ್ತುವುದಿಲ್ಲ. ಹತ್ತಿದರೂ ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ, ನಿನಗೆ ಗೊತ್ತು. ಅವ್ವನ ಮೊಣಕಾಲು ನೋವು ಹೇಗಿದೆ?

ಇಲ್ಲಿ ಎಲ್ಲ ಹಾಗೇ ಇದೆ. ಇಪ್ಪತ್ತು ಗಂಡಸರು, ಐದು ಹೆಂಗಸರು. ಕಲ್ಲು ತೆಗೆದು ಬಿಟ್ಟ ಹಳೆಯ ತಗ್ಗಿನ ನೀರಲ್ಲೇ ನಮ್ಮ ಸ್ನಾನ. ಒಬ್ಬಳು ಮೇಲೆ ನಿಂತು ಕಾಯುತ್ತಾಳೆ, ಗಂಡಸು ಬಂದರೆ ಗಂಗಾಳ ಬಡಿಯುತ್ತಾಳೆ. ನೀನೇ ಕಲಿಸಿದ ಪದ್ಧತಿ.

ಕಳೆದ ಸೋಮವಾರ ಮಧ್ಯಾಹ್ನ ಫರ್ಹೀನ ತಗ್ಗಿಗೆ ಇಳಿದಳು. ಲಾರಿ ಹೊಡೆಯುವ ಬಿಲಾಲನ ಹೆಂಡತಿ, ಬಂದು ಎಂಟು ದಿನವಾಗಿತ್ತು. ಕಾಯುವ ಪಾಳಿ ನನ್ನದು. ಮೇಸ್ತ್ರಿ ಖೀರಪ್ಪ ಬಂದು ನನ್ನ ಪಕ್ಕದಲ್ಲೇ ನಿಂತ.

“ಗಂಗಾಳ ಕೆಳಗಿಡು. ನೀ ಭಾಳ ಶಾಣ್ಯಾಕಿ, ನನಗ ಗೊತ್ತೈತಿ,” ಎಂದು ನಕ್ಕ.

ನಾನು ಬಡಿದೆ. ಕಪಾಳಕ್ಕೆ ಹೊಡೆದ. ಮತ್ತೆ ಬಡಿದೆ. ಜಡೆ ಹಿಡಿದು ಮುಖವನ್ನು ಕಲ್ಲಿಗೆ ಅಪ್ಪಳಿಸಿದ. ಮುಂದಿನ ಎರಡು ಹಲ್ಲು ಅಲ್ಲೇ ಬಿದ್ದವು. ಫರ್ಹೀನ ಒದ್ದೆ ಬಟ್ಟೆಯಲ್ಲೇ ಹತ್ತಿ ಬಂದು ಅವನ ಕೈ ಕಚ್ಚಿದಳು. ಅವನು ಅವಳ ಹೊಟ್ಟೆಗೆ ಒದ್ದ. ಅಷ್ಟರಲ್ಲಿ ಹೆಂಗಸರೆಲ್ಲ ಓಡಿ ಬಂದರು. ಮುಂದೆ ಕೇಸರಿಬಾಯಿ, ನಿನ್ನ ತಲೆ ಬಾಚುತ್ತಿದ್ದ ಮುದುಕಿ. ಕೈಯಲ್ಲಿ ಕಲ್ಲೊಡೆಯುವ ಸುತ್ತಿಗೆ. ಉಳಿದವರು ಅವನನ್ನು ಕೆಡವಿ ಮೇಲೆ ಕೂತರು.

“ಯವ್ವಾ, ಕೈ ಮುಗಿತೇನಿ, ಬಿಡು!”

“ಈಗ ಅವ್ವ ಆದ್ನೇನೋ, ಬಾಡ್ಯಾ? ನಿನ್ನಿತನಕ ಏನಂತ ಕರೀತಿದ್ದಿ?”

ಕೇಸರಿಬಾಯಿ ಅವನ ಬಲಗೈಯನ್ನು ಕಲ್ಲಿನ ಮೇಲಿಟ್ಟು ಎರಡು ಏಟು ಹಾಕಿದಳು. ಬೆರಳುಗಳು ಕಲ್ಲಿಗೆ ಅಂಟಿಕೊಂಡವು. ಗಂಡಸರು ದೂರ ನಿಂತು ನೋಡಿದರು. ಅವರಲ್ಲೊಬ್ಬ, “ಸಾಕು ಬಿಡ್ರಿ ಬಾಯಾರ, ಊಟದ ಹೊತ್ತಾತು,” ಎಂದ.

ಈಗ ಕೇಸರಿಬಾಯಿ ಲಾಕಪ್ಪಿನಲ್ಲಿದ್ದಾಳೆ. ರೊಟ್ಟಿಯ ಜಗಳಕ್ಕೆ ಕೈ ಜಜ್ಜಿದಳು ಎಂದು ಖೀರಪ್ಪ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಬರೆಸಿದ್ದಾನೆ. ಇವನು ಮೊದಲು ಯಾರ ಮೇಲಾದರೂ ಕೈ ಹಾಕಿದ್ದನೇ ಎಂದು ಹೆಣ್ಣು ಪೊಲೀಸರು ಹಿಂದಿಯಲ್ಲಿ ಕೇಳಿದರು. ನಿನ್ನ ಹೆಸರು ನಾಲಿಗೆಯ ತನಕ ಬಂತು, ನುಂಗಿಕೊಂಡೆ. ಅದನ್ನು ಹೇಳಬೇಕಾದವಳು ನೀನು. ನೀನು ಬಂದು ಹೇಳಿದರೆ ಆ ಮುದುಕಿ ಬಿಡುಗಡೆಯಾದಾಳು. ಬರಲಾಗದಿದ್ದರೆ ನನಗೆ ಬೇಸರವಿಲ್ಲ.

ಅವ್ವನಿಗೆ ಹಲ್ಲಿನ ಸುದ್ದಿ ಹೇಳಬೇಡ. ನಿನಗೆ ಒಳ್ಳೆಯ ನಿದ್ದೆ ಬರಲಿ ಎಂದು ದಿನಾಲೂ ದೇವರಿಗೆ ಕೇಳುತ್ತೇನೆ.

ನಿನ್ನ ತಂಗಿ,
ದ್ರಾಕ್ಷಾಯಿಣಿ

ತಾ.ಕ.: ತಗ್ಗಿನಲ್ಲಿ ಅವನು ನಿನ್ನನ್ನು ಹಿಡಿದ ದಿನ ಕಾಯುವ ಪಾಳಿ ನನ್ನದಾಗಿತ್ತು. ಪಾಳಿ ಬಿಟ್ಟು ಕಟ್ಟಿಗೆ ತರಲು ಹೋಗಿದ್ದೆ ಎಂದು ನಿನಗೆ ಹೇಳಿದೆ. ನೀನು ನಂಬಿದೆ. “ಹೋಗಿದ್ದ ಚಲೋ ಆತು, ಇದ್ದಿದ್ರ ನಿನ್ನೂ ಬಿಡ್ತಿರಲಿಲ್ಲ,” ಎಂದು ನನ್ನ ತಲೆ ಸವರಿದೆ. ನಾನು ಎಲ್ಲಿಗೂ ಹೋಗಿರಲಿಲ್ಲ, ಅಕ್ಕಾ. ಅವನು ಕೆಳಗಿಡು ಅಂದ. ಸದ್ದಾಗದಂತೆ ಗಂಗಾಳವನ್ನು ಮಣ್ಣಿನ ಮೇಲಿಟ್ಟೆ. ನಾಳೆ ಪೊಲೀಸರಿಗೆ ಇದನ್ನೂ ಬರೆಸುತ್ತೇನೆ. ನೀನು ಮೂರು ಸಲ ನನ್ನ ಹೆಸರು ಕೂಗಿದೆ. ಮೂರೂ ಸಲ ಕೇಳಿಸಿತು.