ಮರದ ಡಿಪೋ ಕವಲಿನ ಬಾಣ

ಕೆರೆದಂಡೆಯ ಶೆಡ್ಡಿನಿಂದ,
ಭಾನುವಾರ, ಮೇ ೧೧

ಪ್ರೀತಿಯ ಬುಗುರಿ,

ಹೇಗಿದ್ದೀಯ? ಭುಜ ಎತ್ತಿದಾಗ ಈಗಲೂ ಲಟಕ್ ಅನ್ನುತ್ತದೆಯೇ, ಇಲ್ಲ ಸರಿಹೋಯಿತೇ? ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ದಿನಾ ಮಾಡುತ್ತಿದ್ದೀಯೋ, ಅಥವಾ ಔಷಧಿ ಅಂಗಡಿಯಲ್ಲಿ ಮೇಲಿನ ಕಪಾಟಿಗೆ ಕೈ ಚಾಚುವುದೇ ಸಾಕು ಅಂತ ಚಿಕ್ಕಮ್ಮನಿಗೆ ಸಬೂಬು ಹೇಳಿಕೊಂಡು ಕೂತಿದ್ದೀಯೋ? ನಿನ್ನನ್ನು ಎತ್ತಿ ಆಡಿಸಿದವಳು ನಾನು, ನಿನ್ನ ಸಬೂಬುಗಳೆಲ್ಲ ನನಗೆ ಬಾಯಿಪಾಠ. ನಾನು ಚೆನ್ನಾಗಿದ್ದೇನೆ. ಅರವತ್ತೆಂಟಾಯಿತು, ಮಂಡಿ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಹೇಳಿದ ಮಾತು ಕೇಳುತ್ತದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಸೈಕಲ್ಲಿನ ಸುದ್ದಿ ತೆಗೆದರೆ ಸಾಕು, ‘ಗಿರಾಕಿ ಬಂದ್ರು ಅಜ್ಜಿ, ಇಡ್ತೀನಿ’ ಅನ್ನುತ್ತೀಯ. ಅಷ್ಟೊಂದು ಗಿರಾಕಿಗಳು ಬರುವುದಾದರೆ ನಿಮ್ಮ ಬೀದಿಯಲ್ಲಿ ಆರೋಗ್ಯವಾಗಿರುವವರು ಒಬ್ಬರೂ ಇಲ್ಲವೆಂದು ಕಾಣುತ್ತದೆ. ಅದಕ್ಕೇ ಕಾಗದ.

ನಮ್ಮ ಸೈಕಲ್ ಕ್ಲಬ್ಬಿನ ಮೂರನೆಯ ದಾರಿ ಸಿದ್ಧವಾಯಿತು, ಇಪ್ಪತ್ತಮೂರು ಕಿಲೋಮೀಟರು. ದೋಣಿಕಟ್ಟೆಯಿಂದ ಹೊರಟು, ಪಂಪ್‌ಹೌಸಿನ ಹಿಂಬದಿಯಿಂದ, ಕೆರೆಯನ್ನು ಮಗ್ಗುಲಲ್ಲಿಟ್ಟುಕೊಂಡು ನಾಲ್ಕು ಕಿಲೋಮೀಟರು ಸಪಾಟು. ಮಾತಾಡಿಕೊಂಡು ಹೋಗಬಹುದು. ಆಮೇಲೆ ಜೌಗು ಬರುತ್ತದೆ, ಮಾತು ನಿಲ್ಲುತ್ತದೆ. ಅಲ್ಲಿ ಹಲಗೆ ಸೇತುವೆ ಹಾಕಿಸಿ, ಒದ್ದೆಯಲ್ಲಿ ಟೈರು ಜಾರದಿರಲಿ ಅಂತ ಮೇಲೆ ತಂತಿಬಲೆ ಬಡಿಸಿದ್ದೇನೆ. ಮೆಕ್ಯಾನಿಕ್ ನೋಡಿ, ‘ಅಜ್ಜೀ, ಇದು ಸೇತುವೆನೋ ಕೋಳಿಗೂಡೋ?’ ಅಂತ ಹಲ್ಲು ಕಿರಿದ. ಹೋದ ವಾರ ಮಳೆ ಸುರಿಯುವಾಗ ಅವನೇ ಅದರ ಮೇಲೆ ಒಂದು ಚೂರೂ ಜಾರದೆ ದಾಟಿ ಬಂದ. ಅಲ್ಲಿಂದ ಕಾಡು. ಮರದ ಬೇರುಗಳು ಅಡ್ಡಡ್ಡ ಮಲಗಿ ಏರಿಗೆ ಮೆಟ್ಟಿಲು ಮಾಡಿಟ್ಟಿವೆ, ಚಿಕ್ಕ ಗೇರಿಗೆ ಹಾಕಿಕೊಂಡು ತುಳಿದರೆ ಹತ್ತಬಹುದು. ಗುಡ್ಡದ ನೆತ್ತಿಯ ಮೇಲೆ ನಿಂತರೆ ನಮ್ಮ ಕೆರೆಯೂ ಕಾಣುತ್ತದೆ, ಆಚೆಯ ಸಣ್ಣ ಕೆರೆಯೂ ಕಾಣುತ್ತದೆ. ಇಳಿಜಾರಿನಲ್ಲಿ ಸೀಟು ಬಿಟ್ಟು ಎದ್ದು, ಮೊಣಕೈ ಸಡಿಲ ಮಾಡಿ, ಬ್ರೇಕಿನ ಮೇಲೆ ಒಂದೊಂದೇ ಬೆರಳಿಟ್ಟು ಇಳಿಯಬೇಕು. ಹೊಸಬರಿಗೆ ನೀನು ಹೇಳುತ್ತಿದ್ದೆಯಲ್ಲ, ‘ಸೈಕಲ್ ಕುಣೀಲಿ, ನೀವು ಕುಣೀಬೇಡಿ’ ಅಂತ. ಆ ಮಾತಿಗೆಂದೇ ಮಾಡಿಸಿದಂಥ ಇಳಿಜಾರು.

ದಾರಿಯುದ್ದಕ್ಕೂ ಇಪ್ಪತ್ತೇಳು ಬಾಣ. ಒಂದೊಂದು ಹಲಗೆಯನ್ನೂ ಬಾಣದ ಆಕಾರಕ್ಕೆ ಕೊಯ್ದು, ಎರಡೂ ಮುಖಕ್ಕೆ ಹಳದಿ ಬಳಿದು, ಕಂಬಕ್ಕೆ ಎರಡೆರಡು ಸ್ಕ್ರೂ ಹಾಕಿ ಕೂರಿಸಿದ್ದೇನೆ. ನಲವತ್ತು ವರ್ಷ ಅಂಗಡಿ ಬೋರ್ಡು, ಬಸ್ಸಿನ ಹಣೆಪಟ್ಟಿ, ಶಾಲೆಯ ಗೋಡೆ ಬರೆದ ಕೈ ಇದು. ನಾನು ಬರೆದ ಬೋರ್ಡನ್ನು ತಪ್ಪಾಗಿದೆಯೆಂದು ಯಾರೂ ವಾಪಸ್ ತಂದವರಿಲ್ಲ. ಕ್ಲಬ್ಬಿನವರು ಹಳದಿಯ ಬದಲು ಹಸಿರು ಹಚ್ಚೋಣ ಅಂದರು. ಕಾಡಿನಲ್ಲಿ ಹಸಿರು ಬಾಣ! ನಕ್ಕು ನಕ್ಕು ನನಗೆ ಕೆಮ್ಮು ಬಂತು.

ಈಗ ಕೇಳು. ಇಪ್ಪತ್ತೈದನೆಯ ತಾರೀಕು ದಾರಿ ತೆರೆಯುತ್ತಾರೆ, ಮೂವತ್ತು ಜನ ಹೆಸರು ಕೊಟ್ಟಿದ್ದಾರೆ. ಮುಂದೆ ಹೋಗುವ ಗೈಡ್ ಯಾರು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಗೈಡ್ ಆಗಿದ್ದಾಗ ನೀನು ಊದುತ್ತಿದ್ದ ಸೀಟಿ ಮೆಕ್ಯಾನಿಕ್ ಅಂಗಡಿಯ ಮೊಳೆಯಲ್ಲೇ ತೂಗುತ್ತಿದೆ. ಅವನೇ ಕ್ಲಬ್ಬಿನ ಕಾರ್ಯದರ್ಶಿಯಾದ್ದರಿಂದ ಇಷ್ಟು ದಿನ ಅದನ್ನು ಯಾರಿಗೂ ಮುಟ್ಟಗೊಟ್ಟಿಲ್ಲ. ಆದರೆ ಪಕ್ಕದ ಪೇಟೆಯ ಕ್ಲಬ್ಬಿನವನೊಬ್ಬ ತಾನೇ ಮುಂದೆ ಹೋಗುತ್ತೇನೆಂದು ತುದಿಗಾಲಲ್ಲಿ ನಿಂತಿದ್ದಾನೆ. ಶುಕ್ರವಾರದೊಳಗೆ ನೀನು ಹೂಂ ಅನ್ನದಿದ್ದರೆ ಸೀಟಿ ಅವನಿಗೆ. ಹುಡುಗ ಕೆಟ್ಟವನಲ್ಲ, ಕಾಲಲ್ಲಿ ಬಲವಿದೆ. ಆದರೆ ಒಮ್ಮೆ ಹೊರಟನೆಂದರೆ ಹಿಂದೆ ತಿರುಗಿ ನೋಡುವವನಲ್ಲ. ನೀನು ಪ್ರತಿ ತಿರುವಿನಲ್ಲೂ ಕೊನೆಯ ಸೈಕಲ್ ಕಣ್ಣಿಗೆ ಬೀಳುವವರೆಗೆ ಒಂದು ಕಾಲು ನೆಲಕ್ಕೂರಿ ಕಾಯುತ್ತಿದ್ದೆ. ಆ ಗುಣ ಬೇರೆಯವರಲ್ಲಿ ನಾನು ಕಂಡಿಲ್ಲ.

ಆ ದಿನದ ಮಾತು ಎತ್ತಬಾರದು ಅಂದುಕೊಂಡಿದ್ದೆ, ಆದರೂ ಎತ್ತುತ್ತೇನೆ. ಅಕ್ಟೋಬರಿನಲ್ಲಿ ಎರಡನೆಯ ದಾರಿ ತೆರೆದ ಮೊದಲ ಬೆಳಿಗ್ಗೆ, ಮರದ ಡಿಪೋ ಮೇಲಿನ ಕವಲಿನಲ್ಲಿ ನೀನು ಎಡಕ್ಕೆ ತಿರುಗಿದೆ. ಅಲ್ಲಿ ಪೊದೆ ಕಡಿದು ದಾರಿ ಮಾಡಿ ಇನ್ನೂ ವಾರವಾಗಿರಲಿಲ್ಲ, ನೀನೂ ಬಾಣ ನಂಬಿಕೊಂಡೇ ಹೋಗಬೇಕಿತ್ತು. ಎಡಗಡೆಯದು ದಿಮ್ಮಿ ಉರುಳಿಸುವ ಜಾರು. ನೀನು ಬಿದ್ದೆ. ನಿನ್ನ ಹಿಂದಿನ ಚಕ್ರವನ್ನೇ ನೋಡಿಕೊಂಡು ಬಂದ ಟೀಚರಮ್ಮನೂ ಬಿದ್ದು ಮಣಿಕಟ್ಟು ಮುರಿದುಕೊಂಡರು. ‘ಬಾಣ ಎಡಕ್ಕೇ ಇತ್ತು, ನಾನು ನೋಡ್ದೆ’ ಅಂತ ಆಸ್ಪತ್ರೆಯಲ್ಲೂ ಹೇಳುತ್ತಲೇ ಇದ್ದೆ. ಮರುದಿನ ನೀನು ಕೈಗೆ ಜೋಳಿಗೆ ಕಟ್ಟಿಸಿಕೊಂಡು ಬಂದೆ, ಎಲ್ಲರೂ ಹೋಗಿ ನೋಡಿದರೆ ಬಾಣ ಬಲಕ್ಕಿತ್ತು. ನೀನು ಅಲ್ಲೇ ಕೊರಳಿನಿಂದ ಸೀಟಿ ತೆಗೆದು ಮೆಕ್ಯಾನಿಕ್ ಕೈಗೆ ಕೊಟ್ಟೆ, ಭುಜದ ಪಟ್ಟಿ ಬಿಚ್ಚಿದ ವಾರವೇ ಚಿಕ್ಕಮ್ಮನ ಅಂಗಡಿಗೆ ಹೊರಟುಬಿಟ್ಟೆ. ಎರಡು ಸಲ ಕಣ್ಣು ಪರೀಕ್ಷೆ ಮಾಡಿಸಿದೆಯಂತೆ, ಎರಡು ಸಲವೂ ಏನೂ ತೊಂದರೆಯಿಲ್ಲ ಅಂದರಂತೆ. ಈಗ ಒಂದೊಂದು ಔಷಧಿಯ ಹೆಸರನ್ನೂ ಮೂರು ಸಲ ಓದಿ, ಸಾಲದು ಅಂತ ಗಿರಾಕಿಯ ಕೈಯಲ್ಲೂ ಓದಿಸುತ್ತೀಯಂತೆ. ‘ತನ್ನ ಕಣ್ಣನ್ನೇ ನಂಬಲ್ಲ ಅಮ್ಮಾ ಇದು’ ಅಂತ ಚಿಕ್ಕಮ್ಮ ಫೋನಿನಲ್ಲಿ ಅತ್ತಳು. ಆ ಬೆಳಿಗ್ಗೆ ಮಂಜಿತ್ತು, ಬುಗುರಿ. ಕೆರೆಯಿಂದ ಎದ್ದ ಮಂಜಿನಲ್ಲಿ ಯಾರಿಗಾದರೂ ಹಾಗಾಗುತ್ತದೆ. ಅದನ್ನೇ ತಲೆಗೆ ಹಚ್ಚಿಕೊಂಡು ಕೂರಬೇಡ, ಬಂದುಬಿಡು.

ನಿನ್ನ ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟು ಒರೆಸಿಟ್ಟಿದ್ದೇನೆ. ಚಿಕ್ಕಮ್ಮನಿಗೆ ನಾನು ಕೇಳಿದೆನೆಂದು ಹೇಳು, ಊಟ ತಪ್ಪಿಸಬೇಡ. ನಿನ್ನ ಕೈಕಾಲು ಗಟ್ಟಿಯಾಗಿರಲಿ, ಹೋದ ದಾರಿಯೆಲ್ಲ ನಿನಗೆ ಒಲಿಯಲಿ.

ನಿನ್ನ
ಪೇಂಟರ್ ಅಜ್ಜಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ, ಅಂಚು ಹರಿದಿರುವುದು ಅದಕ್ಕೇ. ಮೇಲೆ ಮಂಜು ಅಂತ ಬರೆದದ್ದನ್ನು ಹೊಡೆದುಹಾಕು. ಬಾಣ ಎಡಕ್ಕೇ ಇತ್ತು. ಹಾಗೆ ಕೂರಿಸಿದವಳು ನಾನೇ. ಆ ಸಲ ಗಾಡಿಯವನು ನನ್ನನ್ನು ಗುಡ್ಡದ ಮೇಲೆ ಇಳಿಸಿದ್ದ, ನೀವು ಹತ್ತಿ ಬರುವ ದಾರಿಯಲ್ಲಿ ನಾನು ಎದುರಿನಿಂದ ಇಳಿಯುತ್ತಾ ಬಾಣ ಕೂರಿಸಿದೆ. ನನ್ನ ಬಲ ನಿಮಗೆ ಎಡ. ಹನ್ನೆರಡು ಕಂಬಕ್ಕೆ ಅದನ್ನು ನೆನಪಿಟ್ಟುಕೊಂಡೆ, ಹದಿಮೂರನೆಯದಕ್ಕೆ, ಆ ಕವಲಿನದಕ್ಕೆ, ಮರೆತೆ. ನೀನು ಬಿದ್ದ ಸುದ್ದಿ ಬಂದಾಗಲೇ ಹೊಳೆಯಿತು. ಮರುದಿನ ಬೆಳಿಗ್ಗೆ ಆರು ಗಂಟೆಗೆ, ನೀವೆಲ್ಲ ಬರುವ ಮೊದಲೇ ಹೋಗಿ ಎರಡು ಸ್ಕ್ರೂ ಬಿಚ್ಚಿ ತಿರುಗಿಸಿ ಬಂದೆ. ಆಮೇಲೆ ನಿಮ್ಮ ಜೊತೆಗೇ ನಿಂತು ‘ಬಲಕ್ಕೇ ಇದೆಯಲ್ಲ ಮಗಳೇ’ ಅಂದೆ. ನನ್ನ ಬೋರ್ಡು ತಪ್ಪು ಅನ್ನಿಸಿಕೊಳ್ಳುವುದಕ್ಕಿಂತ ನಿನ್ನ ಕಣ್ಣು ತಪ್ಪಾಗಲಿ ಅಂತ ಬಿಟ್ಟೆ. ಇದಕ್ಕಿಂತ ಮರ್ಯಾದೆಯ ಕಾರಣ ಏಳು ತಿಂಗಳು ಹುಡುಕಿದೆ, ಸಿಗಲಿಲ್ಲ. ನಾಚಿಕೆಯಾಗುತ್ತಿದೆ.

ಈಗ ತಾನೇ ಮೆಕ್ಯಾನಿಕ್ ಅಂಗಡಿಗೆ ಹೋಗಿ ಎಲ್ಲ ಹೇಳಿ ಬಂದೆ. ಗಾಳಿ ಹೊಡೆಸಿಕೊಳ್ಳಲು ಟೀಚರಮ್ಮನೂ ಬಂದಿದ್ದರು. ‘ಇಷ್ಟು ದಿನ ಹೇಗಜ್ಜಿ ಸುಮ್ನಿದ್ರಿ?’ ಅಂತ ಅಷ್ಟೇ ಕೇಳಿದರು. ಮೆಕ್ಯಾನಿಕ್ ಪಂಪು ಕೆಳಗಿಟ್ಟು, ‘ಇಪ್ಪತ್ತೇಳು ಬಾಣನೂ ಅವಳೇ ಬಂದು ನೋಡ್ಲಿ, ಅವಳು ಸರಿ ಅಂದ್ಮೇಲೇ ದಾರಿ ತೆರೆಯೋದು’ ಅಂದ. ಶುಕ್ರವಾರದ ಗಡುವು ಹೋಯಿತು, ಇಪ್ಪತ್ತೈದೂ ಹೋಯಿತು, ನೀನು ಬಂದ ದಿನವೇ ದಿನ. ನನ್ನ ಮೇಲೆ ಸಿಟ್ಟಿದ್ದರೆ ನಮ್ಮನೆಗೆ ಬರಬೇಡ, ಟೀಚರಮ್ಮನ ಮನೆಯಲ್ಲಿ ಇಳಿದುಕೋ, ಅವರು ಆಗಲೇ ಒಪ್ಪಿದ್ದಾರೆ. ನಾನು ಸ್ಕ್ರೂಡ್ರೈವರ್ ಹಿಡಿದು ನಿನ್ನ ಹಿಂದೆ ನಡೆದು ಬರುತ್ತೇನೆ. ಯಾವ ಬಾಣ ತಪ್ಪು ಅನ್ನುತ್ತೀಯೋ ಅದನ್ನು ಎಲ್ಲರ ಎದುರಿಗೆ ತಿರುಗಿಸುತ್ತೇನೆ.