ಎಡಗಡೆಯ ಮೂರು ಬಟ್ಟಲು

ಮಾರ್ಚ್ 4, ಬೆಳಿಗ್ಗೆ 7

ಕುಮಾಸಿಯ ನಮ್ಮ ಲ್ಯಾಬಿನಲ್ಲಿ ಹೊಸ ತಟ್ಟೆ ಸಿದ್ಧ. ಆರು ಬಟ್ಟಲು. ಎಡಗಡೆ ಮೂರರಲ್ಲಿ ನನ್ನ ಗೀರು ಹಾಳೆ — ಕೋಕೋ ಸಿಪ್ಪೆಯ ನಾರಿನದು. ಜೀವಕೋಶಗಳು ಗೀರು ಹಿಡಿದು ಸಾಲಾಗಿ ಬೆಳೆಯಬೇಕು. ಆಗ ತೋಟದ ಕತ್ತಿಗೆ ತುಂಡಾದ ಕೈನರ ಮತ್ತೆ ಕೂಡೀತು. ಬಲಗಡೆ ಮೂರು ನುಣುಪು ಹಾಳೆ, ಹೋಲಿಕೆಗೆ. ಗುರುತು ಬರೆಯುವುದಿಲ್ಲ, ಸ್ಪಿರಿಟ್ ಒರೆಸಿದರೆ ಶಾಯಿ ಹೋಗುತ್ತದೆ. ನಾನು ಎಡಚಿ. ಎಡ ಮರೆಯುವುದಿಲ್ಲ.

ಕೋಶಗಳಿಗೆ ದಿನಾ ಊಟ ಹಾಕುವವರು ಹೊಸ ಸಹಾಯಕರು, ಬೋಟ್ವೆ. ಅರವತ್ತು ದಾಟಿದವರು. ಎಲ್ಲರೂ ಸೋದರಮಾವನಂತೆ ವೋಫಾ ಎನ್ನುತ್ತಾರೆ.

"ಎಡಗಡೆಯವು ನನ್ನ ಕೂಸುಗಳು ವೋಫಾ, ಹುಷಾರು" ಅಂದೆ. ನಕ್ಕರು.

ಮಾರ್ಚ್ 11

ಮೈಕ್ರೋಸ್ಕೋಪ್ ನೋಡಿ ತಲೆ ಕೆಟ್ಟಿತು. ಎಡಗಡೆ ಚೆಲ್ಲಾಪಿಲ್ಲಿ. ಬಲಗಡೆ, ನುಣುಪು ಹಾಳೆಯ ಮೇಲೆ, ನೇಗಿಲ ಸಾಲಿನಂತೆ ನೆಟ್ಟಗೆ! ಆಗುವ ಮಾತಲ್ಲ. ಕೋಶ ತುಂಬಿದ ಮೇಲೆ ಗೀರು ಕಾಣುವುದಿಲ್ಲ, ಅದು ಗೊತ್ತಿದ್ದವರೇ ಅದಲುಬದಲು ಮಾಡಿದ್ದಾರೆ.

ಲ್ಯಾಬಿನ ಕೀಲಿ ಮೂವರ ಬಳಿ: ನಾನು, ವೋಫಾ, ಪಕ್ಕದ ಮೇಜಿನ ಪೋಮಾ. ಹಿರಿಯರನ್ನು ಅನುಮಾನಿಸುವುದುಂಟೇ? ಅದೇ ನರ ಕೂಡಿಸಲು ಪೋಮಾಳದು ಪಾಚಿಯ ಜೆಲ್. ಮುಂದಿನ ವರ್ಷಕ್ಕೆ ಉಳಿಯುವುದು ನಮ್ಮಿಬ್ಬರಲ್ಲಿ ಒಬ್ಬರ ಕೆಲಸ ಮಾತ್ರ...

ಮಾರ್ಚ್ 13

ಪೋಮಾ ಎಲೆಯಲ್ಲಿ ಕಟ್ಟಿದ ವಾಚೆ, ಅಲಸಂದೆ ಹಾಕಿದ ಅನ್ನ, ತಂದಳು, ಮೊಟ್ಟೆ ಬೇರೆ.

"ಯಾಕೇ ಎಫುವಾ, ಮುಖ ಊದಿಸ್ಕೊಂಡಿದೀಯ? ತಿನ್ನು, ವಿಷ ಹಾಕಿಲ್ಲ."

ವಿಷದ ಮಾತು ಯಾಕೆ ಬಂತು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ. ಅವಳು ಹೋದ ಮೇಲೆ ಬುಟ್ಟಿಗೆ ಹಾಕಿದೆ. ಮೊಟ್ಟೆ ನೋಡಿ ಹೊಟ್ಟೆ ಉರಿಯಿತು.

ಮಾರ್ಚ್ 20

ಎರಡನೇ ತಟ್ಟೆಯೂ ತಿರುವುಮುರುವು. ಪ್ರೊಫೆಸರ್‌ಗೆ ಪತ್ರ ಕೊಟ್ಟೆ. ಪೋಮಾಳ ಹೆಸರು ಬರೆದೇ ಬಿಟ್ಟೆ.

ಮಾರ್ಚ್ 22

ಪೋಮಾಳನ್ನು ತೆಗೆದುಹಾಕಿದರು. ಕೀಲಿ ನನ್ನ ಮೇಜಿನ ಮೇಲಿಟ್ಟಳು.

"ನನ್ನ ಕೇಳಬಹುದಿತ್ತಲ್ಲೇ. ಒಂದ್ಸಲ."

ಕುಮಾಸಿ ಬಿಟ್ಟು ಊರಿಗೆ ಹೋದಳು. ಪೀಡೆ ತೊಲಗಿತು. ಬರೆದೆನೇ ಹೊರತು ಮನಸ್ಸು ಹಗುರಾಗಿಲ್ಲ.

ಏಪ್ರಿಲ್ 2

ಮೂರನೇ ತಟ್ಟೆ. ಪೋಮಾ ಇಲ್ಲ. ಆದರೂ ಅದೇ.

ಏಪ್ರಿಲ್ 3, ಬೆಳಿಗ್ಗೆ 8

ನಾಲ್ಕನೇ ತಟ್ಟೆ ಇಟ್ಟು ಬಾಗಿಲ ಗಾಜಿನ ಹಿಂದೆ ನಿಂತೆ. ವೋಫಾ ಬಂದರು. ಊಟ ಹಾಕಿದರು. ಎಡಗಡೆಯ ಮೂರನ್ನು ಎತ್ತಿ ಬಲಕ್ಕಿಟ್ಟರು, ಬಲದವನ್ನು ಎಡಕ್ಕೆ. ನುಗ್ಗಿದೆ.

"ವೋಫಾ! ಏನ್ ಮಾಡ್ತಿದೀರಿ?"

"ಅಯ್ಯೋ, ಕೂಸುಗಳು ಅಂದೆಯಲ್ಲಮ್ಮ! ಕೂಸನ್ನ ಯಾರಾದ್ರೂ ಎಡಗಡೆ ಮಲಗಿಸ್ತಾರಾ? ಎಡಗೈಲಿ ನಾವು ನೀರೂ ಕೊಡಲ್ಲ. ನಿನಗೆ ಹೇಳಿದ್ರೆ ನೊಂದ್ಕೋತೀಯ ಅಂತ, ಹೊಸ ತಟ್ಟೆ ಬಂದಾಗೆಲ್ಲ ಮೊದಲ ದಿನವೇ ನಾನೇ ಸರಿ ಮಾಡ್ತಿದ್ದೆ."

ಶಾಲೆಯಲ್ಲಿ ಎಡಗೈಗೆ ಬಿದ್ದ ಬೆತ್ತ ನೆನಪಾಯಿತು.

ಮಧ್ಯಾಹ್ನ 1

ಅಂದರೆ ನನ್ನ ಹಾಳೆ ಗೆದ್ದಿದೆ. ಮೂರು ಸಲವೂ. ಖುಷಿಯೇ ಆಗುತ್ತಿಲ್ಲ. ನಾಚಿಕೆಯಾಗುತ್ತಿದೆ. ತಪ್ಪು ನನ್ನದೆಂದು ಬರೆದು ಪ್ರೊಫೆಸರ್‌ಗೆ ಕೊಟ್ಟೆ. ಓದಿ ಮಡಚಿಟ್ಟರು. "ಅವಳ ಬಟ್ಟಲುಗಳನ್ನ ಆಗಲೇ ಎಸೆದಾಯ್ತಲ್ಲಮ್ಮ" ಅಂದರು.

ಸಂಜೆ 5

ಪೋಮಾಗೆ ಫೋನ್. ನಾಲ್ಕನೇ ಸಲಕ್ಕೆ ಎತ್ತಿದಳು. ಹಿಂದೆ ಊಟದ ಫುಫುಗೆ ಮರಗೆಣಸು ಕುಟ್ಟುವ ಸದ್ದು. ಎಲ್ಲ ಹೇಳಿದೆ.

"ಆವತ್ತು ವಾಚೆ ತಿಂದ್ಯಾ?" ಅಂತ ಕೇಳಿದಳು.

"ಇಲ್ಲ, ಬುಟ್ಟಿಗೆ ಹಾಕಿದೆ" ಅಂದೆ.